ಗಾಳಿ ತೆಗೆಯುವವಳು

ಸಾರ್ಜು ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿ ಚಾಪೆಯ ಮೇಲೆ ಬೆನ್ನು ಕೊಟ್ಟು ಕೂತ. ಸುಮಿರಾ ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡಳು. ಅವನ ಭುಜದಾಚೆ, ಕಿಟಕಿಯ ಪಕ್ಕದ ಮಂಚದಿಂದ ಗಂಡ ತನ್ನನ್ನೇ ನೋಡುತ್ತಿದ್ದಾನೆಂದು ಗೊತ್ತಿದ್ದರಿಂದ ಅತ್ತ ನೋಡಲಿಲ್ಲ. ಏಳು ತಿಂಗಳಿಂದ ಈ ಮುಂಗೋಣೆಯಲ್ಲಿ ಅವಳು ಮಾಡುವುದೆಲ್ಲ ಆ ಎರಡು ಕಣ್ಣುಗಳ ಎದುರೇ ಆಗಬೇಕು. ಒಳಕೋಣೆಯಲ್ಲಿ ಮಂಚ ಹಾಕೋಣವೆಂದರೆ ಮಗಳು ಪಾರ್ತಿನಿ ಕೇಳಲಿಲ್ಲ. ‘ಅಪ್ಪ ಬೀದಿ ನೋಡ್ಲಿ ಮಾಕ್, ಹೋಗೋರು ಬರೋರು ಮಾತಾಡಿಸ್ತಾರೆ’ ಎಂದು ಅಮ್ಮನಿಗೆ ಹೇಳಿದ್ದಳು. ಮೊದಮೊದಲು ಮಾತಾಡಿಸಿದರು ಕೂಡ. ಕಿಟಕಿಯ ಸರಳು ಹಿಡಿದು ‘ಹೇಗಿದೀಯ ಕಾಂಗ್ ದಲಿಮಿನ್’ ಎಂದು, ಕಿವುಡರನ್ನು ಕೇಳುವ ಹಾಗೆ ಜೋರಾಗಿ ಕೇಳಿ, ಅವನ ಸೊಟ್ಟ ಬಾಯಿಯಿಂದ ಬರುವ ಒದ್ದೆ ಸದ್ದನ್ನು ಒಂದು ಸಲ ಕೇಳಿದವರು ಮುಂದಿನ ಸಲ ಬೀದಿಯ ಆಚೆ ಬದಿಯಲ್ಲಿ ನಡೆದರು. ಬಿಡದೆ ಬರುತ್ತಿದ್ದವನು ಸಾರ್ಜು ಒಬ್ಬನೇ. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಇಬ್ಬರೂ ಮೂವತ್ತು ವರ್ಷ ಕಬ್ಬಿನ ಲಾರಿಗಳನ್ನು ಒಟ್ಟಿಗೆ ತೂಗಿದವರು. ಪ್ರತಿ ಶುಕ್ರವಾರ ಜುಮಾ ನಮಾಜಿಗೆ ಮೊದಲು ಸೋಪು, ಬ್ಲೇಡು ಹಿಡಿದು ಬಂದು ದಲಿಮಿನ್‌ನ ಗಡ್ಡ ಬೋಳಿಸಿ, ಬೀದಿಯ ಸುದ್ದಿಯನ್ನೆಲ್ಲ ಹೇಳಿ, ತನ್ನ ತಮಾಷೆಗೆ ತಾನೇ ನಕ್ಕು ಹೋಗುತ್ತಿದ್ದ. ಇವತ್ತೂ ಬೋಳಿಸಿ ಮುಗಿಸಿದ್ದ. ದಲಿಮಿನ್‌ನ ಕಿವಿಯ ಹಿಂದೆ ಇನ್ನೂ ಸೋಪಿನ ನೊರೆ ಅಂಟಿಕೊಂಡಿತ್ತು.

‘ಈ ವಾರ ಕಾಂಗ್ ಗಡ್ಡ ಕಬ್ಬಿನ ಕೂಳೆ ಥರ ಆಗೋಗಿತ್ತು ಯೂ, ನನ್ನ ಬ್ಲೇಡೇ ಮೊಂಡಾಯ್ತು,’ ಎಂದ ಸಾರ್ಜು. ದಲಿಮಿನ್ ಅವನಿಗೆ ಕಾಂಗ್, ಅಂದರೆ ಅಣ್ಣ; ಸುಮಿರಾ ಯೂ, ಅಕ್ಕ. ‘ಈಗ ನನ್ನ ಸರದಿ. ಮೂರು ದಿನದಿಂದ ಮೈಗೆ ಗಾಳಿ ಸೇರ್ಕೊಂಡಿದೆ. ಮಸೀದಿ ಮೆಟ್ಲು ಹತ್ತೋದ್ರೊಳಗೆ ಉಸ್ಸಪ್ಪಾ ಅನ್ನಿಸತ್ತೆ. ಎದೆ ಒಳಗೆ ಮೀನು ಒದ್ದಾಡ್ದಂಗೆ.’

‘ಕೆರೆಗೆ ಹೋಗಿ ಗಾಳಿಗೆ ಕೂತಿರ್ತೀಯ.’

‘ಕೂತಿದ್ದೆ. ಒಂದು ಮೀನೂ ಸಿಗ್ಲಿಲ್ಲ, ಎಲ್ಲ ಎದೇಗೇ ಬಂದು ಸೇರಿವೆ ನೋಡು.’

ಬೆನ್ನು ಕೆರೆಯುವ ಬಿಲ್ಲೆಯನ್ನು ಎಣ್ಣೆಯಲ್ಲಿ ಅದ್ದುವ ಮೊದಲು ಕುತ್ತಿಗೆ ಹಿಡಿದು ನೋಡುವುದು ಸುಮಿರಾಳ ಪದ್ಧತಿ. ಗಾಳಿ ಎಲ್ಲಿ ಗಂಟು ಹಾಕಿಕೊಂಡಿದೆಯೆಂದು ಅತ್ತೆ ಹೀಗೇ ನೋಡುತ್ತಿದ್ದರು, ಅತ್ತೆಯಿಂದ ಅವಳು ಕಲಿತಳು. ಎರಡು ಬೆರಳುಗಳನ್ನು ಅವನ ದವಡೆಯ ಕೆಳಗೆ ಒತ್ತಿದಳು. ಬೆರಳಿನಡಿ ಒಂದು ಬಡಿಯಿತು, ಇನ್ನೊಂದು ಬಡಿಯಿತು, ಆಮೇಲೆ ಏನೂ ಇಲ್ಲ. ಅವಳು ಕಾದಳು. ಮೂರು ಒಂದರ ಮೇಲೊಂದು ಬಿದ್ದು ಹೋದವು. ಮತ್ತೆ ಖಾಲಿ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಒಬ್ಬಳ ಲೆಕ್ಕ ತಪ್ಪಿದರೆ ಆಗುವ ಹಾಗೆ. ಅವಳು ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡಳು. ಎಣ್ಣೆ ಇನ್ನೂ ತಾಗಿರಲಿಲ್ಲ, ಒರೆಸಿಕೊಳ್ಳುವಂಥದ್ದು ಬೆರಳಲ್ಲಿ ಏನೂ ಇರಲಿಲ್ಲ.

ಇದೇ ಬಡಿತ. ಅವಳಿಗೆ ಇದರ ಗುರುತು ಚೆನ್ನಾಗಿ ಇತ್ತು. ಬೀದಿಯ ಮುಖಂಡನ ಮನೆಯ ಜಗಲಿಯಲ್ಲಿ ತಿಂಗಳಿಗೊಮ್ಮೆ ವಯಸ್ಸಾದವರನ್ನೆಲ್ಲ ಕೂರಿಸಿ ತೂಕ ನೋಡಿ ಬಿಪಿ ಅಳೆದು ಬಿಸಿ ಬಿಸಿ ಹೆಸರುಕಾಳಿನ ಗಂಜಿ ಕೊಡುತ್ತಾರಲ್ಲ, ಗಂಡ ಹಾಸಿಗೆ ಹಿಡಿಯುವ ಮೊದಲು ಒಂದು ದಿನ ಅಲ್ಲಿಗೆ ಆರೋಗ್ಯ ಕೇಂದ್ರದಿಂದ ಬಂದವಳು ಹೆಸ್ತಿ ಎನ್ನುವ ಹೊಸ ನರ್ಸು. ಇಪ್ಪತ್ತಾರು ವರ್ಷವಿದ್ದೀತು, ಕೆನ್ನೆಯ ಮೇಲೆ ಇನ್ನೂ ಮೊಡವೆ. ಅವಳು ದಲಿಮಿನ್‌ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ಕೂತವಳು ಬಿಡಲೇ ಇಲ್ಲ. ‘ಏನಮ್ಮ, ಮುದುಕನ ಕೈ ಬಿಡೋಕೆ ಮನಸ್ಸಿಲ್ವಾ? ನನ್ನ ಹೆಂಡ್ತಿ ಅಲ್ಲೇ ಕೂತಿದಾಳೆ’ ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ, ಹೆಂಗಸರು ಹೋ ಎಂದು ನಕ್ಕರು. ಅವನ ಬಾಯಿ ಆಗ ಹಾಗಿತ್ತು. ತೂಕದ ಕಟ್ಟೆಯಲ್ಲಿ ಲಾರಿ ಡ್ರೈವರುಗಳು ಅವನ ಮಾತು ಕೇಳಲೆಂದೇ ಸಾಲು ತಪ್ಪಿಸಿ ನಿಲ್ಲುತ್ತಿದ್ದರು. ಅವನು ಗಂಜಿಯ ಪಾತ್ರೆಯ ಕಡೆ ಎದ್ದು ಹೋದ ಮೇಲೆ ಹೆಸ್ತಿ ಸುಮಿರಾಳನ್ನು ಕರೆದಳು. ಪಕ್ಕಕ್ಕೆ ಕರೆಯಬಹುದಿತ್ತು. ಕರೆಯಲಿಲ್ಲ, ಬುಡೆ, ಅಂದರೆ ದೊಡ್ಡಮ್ಮ, ಎನ್ನುತ್ತಲೇ ಎಂಟು ಹೆಂಗಸರ ನಡುವೆ ಹೇಳಿದಳು. ‘ಯಜಮಾನ್ರ ಎದೆ ಬಡಿತ ಸಮ ಇಲ್ಲ ಬುಡೆ. ಹೃದಯದ ಮೇಲ್ಗಡೆ ಕೋಣೆಗಳು ಹಿಂಡೋ ಬದಲು ಬರೀ ನಡುಗ್ತಿವೆ ಅನ್ಸತ್ತೆ. ನಡುಗಿದ್ರೆ ರಕ್ತ ಪೂರ್ತಿ ಮುಂದಕ್ಕೆ ಹೋಗಲ್ಲ, ಮೂಲೇಲಿ ನಿಂತು ಹೆಪ್ಪುಗಟ್ಟತ್ತೆ. ಆ ಹೆಪ್ಪಿನ ಚೂರು ಯಾವತ್ತಾದ್ರೂ ಹೊರಟು ತಲೆಗೆ ಹೋಗ್ಬಹುದು. ಕಾಗದ ಬರ್ಕೊಡ್ತೀನಿ. ಈ ವಾರದೊಳಗೇ ದೊಡ್ಡಾಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ, ರಕ್ತ ತೆಳು ಮಾಡೋ ಮಾತ್ರೆ ಕೊಡ್ತಾರೆ.’ ಅಷ್ಟಕ್ಕೇ ನಿಲ್ಲಿಸಿದ್ದರೆ ಸುಮಿರಾ ಆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮರುದಿನವೇ ಬಸ್ಸು ಹತ್ತಿಸುತ್ತಿದ್ದಳೋ ಏನೋ. ಹೆಸ್ತಿ ನಿಲ್ಲಿಸಲಿಲ್ಲ. ‘ಆಮೇಲೆ, ದಯವಿಟ್ಟು ಕೆರೀಬೇಡಿ. ಗಾಳಿ ಗೀಳಿ ಅಂತ ಏನೂ ಇಲ್ಲ ಬುಡೆ. ಬೆನ್ನು ಕೆಂಪಗಾಗೋದು ಚರ್ಮದಡಿ ಸಣ್ಣ ಸಣ್ಣ ರಕ್ತನಾಳ ಒಡೆದು. ಕೆರೆದು ಕೆರೆದು ಹೊತ್ತು ಕಳೆದ್ರೆ ಜೀವ ಹೋಗತ್ತೆ.’

ಆ ಎಂಟು ಹೆಂಗಸರಲ್ಲಿ ಸುಮಿರಾಳ ಮುಂದೆ ಬೆನ್ನು ಬಿಚ್ಚಿ ಕೂರದವರು ಒಬ್ಬರೂ ಇರಲಿಲ್ಲ. ಯಾರೋ ಬಾಯಿಗೆ ಕೈ ಅಡ್ಡ ಹಿಡಿದರು. ಸಾರ್ಜುವಿನ ಹೆಂಡತಿ ವಾರ್ಸಿ, ಕೆಟ್ಟ ಮನಸ್ಸಿನವಳಲ್ಲ, ಸುಮ್ಮನಿರಲಾಗದೆ ಎಂದಳು: ‘ಅಯ್ಯೋ, ಹಂಗಾದ್ರೆ ಇಷ್ಟು ವರ್ಷ ಯೂ ಸುಮಿರಾ ನಮ್ಮ ಚರ್ಮ ಹರೀತಿದ್ಲಾ?’ ನಗು ಬಿತ್ತು. ಸುಮಿರಾಳೂ ನಕ್ಕಳು. ನಗುವಾಗ ಕಿವಿಯ ತುದಿ ಉರಿಯುತ್ತಿತ್ತು. ಮೂವತ್ತನಾಲ್ಕು ವರ್ಷ! ಬಾಣಂತಿಯರು, ಲಾರಿ ಡ್ರೈವರುಗಳು, ಒಂದು ಸಲ ಕಾರ್ಖಾನೆಯ ಮ್ಯಾನೇಜರನ ಅತ್ತೆ ಕೂಡ ಕಾರಿನಲ್ಲಿ ಬಂದು ಈ ಚಾಪೆಯ ಮೇಲೆ ಕೂತಿದ್ದಳು. ಬಿಲ್ಲೆ ಎಳೆದ ಹಾಗೆಲ್ಲ ಅವರ ಗಾಳಿ ತನ್ನ ಗಂಟಲಿಂದ ತೇಗಾಗಿ ಹೊರಗೆ ಬರುತ್ತಿತ್ತು, ಒಂದರ ಹಿಂದೊಂದು, ಉದ್ದುದ್ದ ತೇಗು. ಗಾಳಿ ಇಲ್ಲವೆಂದಾದರೆ ತಾನು ಇಷ್ಟು ವರ್ಷ ತೇಗಿದ್ದು ಏನನ್ನು? ಆ ಹುಡುಗಿಯನ್ನು ಇದನ್ನು ಕೇಳಬೇಕೆಂದು ಮನೆಯವರೆಗೂ ಅಂದುಕೊಂಡು ಬಂದಳು. ಬಂದವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಲೆಗೆ ಹಾಕಿದಳು. ಅಕ್ಕಿ ಬೇಯಲು ಇಟ್ಟಿದ್ದ ಹೊತ್ತು, ಉರಿ ಚೆನ್ನಾಗಿತ್ತು. ‘ಏನಂದ್ಲು ಆ ಹುಡುಗಿ?’ ಎಂದು ದಲಿಮಿನ್ ಬಾಗಿಲಲ್ಲಿ ನಿಂತು ಕೇಳಿದ. ‘ಬಿಪಿ ಒಂಚೂರು ಜಾಸ್ತಿಯಂತೆ. ಉಪ್ಪುಮೀನು ಕಡಿಮೆ ಮಾಡ್ಬೇಕಂತೆ.’ ಅವನು ಒಂದು ಗಳಿಗೆ ಅವಳನ್ನು ನೋಡಿ, ‘ಹಾಗಾ’ ಎಂದ. ಸಂಜೆ ಅವನೇ ಅಂಗಿ ಬಿಚ್ಚಿ ಬಂದು, ‘ಬುನೆ, ಬೆನ್ನು ಸ್ವಲ್ಪ ಕೆರಿ’ ಎಂದು, ಹೆಂಡತಿಯನ್ನು ಎಂದಿನಂತೆ ಮಗಳ ತಾಯಿಯೆಂದು ಕರೆದು ಕೂತ. ಕೇಳದಿದ್ದರೆ ಕೆರೆಯುತ್ತಿರಲಿಲ್ಲ. ಅವನೇ ಕೇಳಿದನಲ್ಲ, ದೇವರೇ ಬಾಯಿ ಬಿಟ್ಟು ಹೇಳಿದ ಹಾಗಾಯಿತು ಎಂದು ಅವಳಿಗೆ ಆವತ್ತು ಎಷ್ಟು ಸಮಾಧಾನವಾಗಿತ್ತು!

‘ನಿದ್ದೆ ಬಂತಾ ಯೂ? ಕೆರಿ,’ ಎಂದ ಸಾರ್ಜು.

ಬೆನ್ನೆಲುಬಿನಿಂದ ಪಕ್ಕೆಗೆ ಮೊದಲ ಗೆರೆ ಎಳೆದಳು. ಬಿಲ್ಲೆ ಹಳೆಯ ಡಚ್ಚರ ಕಾಲದ ತಾಮ್ರದ ನಾಣ್ಯ, ಅಂಚು ಸವೆದು ನುಣುಪಾಗಿತ್ತು. ಎರಡನೇ ಗೆರೆ, ಮೂರನೇ ಗೆರೆ. ಕೆಂಪು ಬೇಗ ಬಂತು, ಬಂದದ್ದು ಕಪ್ಪಿಗೆ ತಿರುಗಿತು. ಇಷ್ಟು ಕಪ್ಪಾದರೆ ಗಾಳಿ ಬಹಳ ದಿನದ್ದು ಎಂದು ಅತ್ತೆ ಹೇಳುತ್ತಿದ್ದರು, ಅವಳೂ ಎಲ್ಲರಿಗೂ ಹಾಗೆಯೇ ಹೇಳಿಕೊಂಡು ಬಂದಿದ್ದಳು. ಸಾರ್ಜು ‘ಹಾಂ, ಅಲ್ಲೇ, ಅಲ್ಲೇ’ ಎಂದು ಹಿತವಾಗಿ ನರಳಿದ. ಅವಳಿಗೆ ತೇಗು ಬಂತು. ದಲಿಮಿನ್‌ಗೆ ಲಕ್ವ ಹೊಡೆದ ದಿನ ಬಂದಷ್ಟು ತೇಗು ಯಾವತ್ತೂ ಬಂದಿರಲಿಲ್ಲ. ಕಾಗದ ಸುಟ್ಟ ಹತ್ತೊಂಬತ್ತನೆಯ ದಿನ, ಮಧ್ಯಾಹ್ನದ ಊಟ ಆಗಿತ್ತು. ಎದೆ ಹೇಗೋ ಆಗ್ತಿದೆ ಎಂದ, ಬೆನ್ನು ಕೊಟ್ಟ. ಕೆರೆಯುತ್ತ ಕೆರೆಯುತ್ತ ಅವನ ಮಾತು ನಿಂತಿತು, ತೂಕಡಿಸುತ್ತಿದ್ದಾನೆ ಅಂದುಕೊಂಡಳು. ಬಲಗೈ ಚಾಪೆಯ ಮೇಲೆ ಜಾರಿತು, ಗಾಳಿ ಬಿಟ್ಟು ಮೈ ಸಡಿಲಾಗಿದೆ ಅಂದುಕೊಂಡಳು. ಬೆನ್ನು ಮುಗಿಸಿ, ತೋಳು ಮುಗಿಸಿ, ಕುತ್ತಿಗೆ ಮುಗಿಸಿ, ಸಕ್ಕರೆ ಜಾಸ್ತಿ ಹಾಕಿ ಚಹಾ ಮಾಡಿ ತಂದು ಬಾಯಿಗಿಟ್ಟಳು. ಚಹಾ ಬಾಯಿಯ ಬಲಗಡೆಯಿಂದ ಇಳಿದು ಎದೆಯ ಮೇಲೆ ಹರಿಯಿತು. ಲೋಟವನ್ನು ಇನ್ನಷ್ಟು ಓರೆ ಮಾಡಿದಳು. ಇನ್ನಷ್ಟು ಹರಿಯಿತು. ಅವನು ಅವಳನ್ನು ನೋಡುತ್ತಿದ್ದ, ಕಣ್ಣು ಪೂರ್ತಿ ಎಚ್ಚರವಾಗಿತ್ತು. ಆಗಲೂ ಅವಳು ಎದ್ದು ಕೂಗಲಿಲ್ಲ; ಇನ್ನೊಂದು ಸಲ ಕೆರೆದರೆ ಬಿಡಬಹುದೆಂದು ಇನ್ನೊಂದು ಸಲ ಕೆರೆದಳು. ಎಲ್ಲ ಸೇರಿ ಎರಡು ತಾಸು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಅವನನ್ನು ಮಗ್ಗುಲಿಗೆ ತಿರುಗಿಸಿ, ಹುಲಿಪಟ್ಟೆಯ ಹಾಗೆ ಬರೆಬರೆಯಾಗಿದ್ದ ಬೆನ್ನು ನೋಡಿ, ‘ಯಾರು ಕೆರೆದಿದ್ದು?’ ಎಂದು ಕೇಳಿದ. ‘ಪಕ್ಕದ ಮನೆಯವರು’ ಎಂದಳು. ಮೂವತ್ತನಾಲ್ಕು ವರ್ಷ ಅನ್ನ ಕೊಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಹಾಗೆಂದಳು. ಡಾಕ್ಟರು ಏನೂ ಬೈಯಲಿಲ್ಲ. ಎರಡು ತಾಸು ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು, ಅವಳಿಗಲ್ಲ, ಗೋಡೆಗೆ ಹೇಳುವ ಹಾಗೆ ಹೇಳಿ ಹೋದ. ಗಾಲಿಮಂಚದ ಮೇಲೆ ಮಲಗಿದ್ದ ದಲಿಮಿನ್ ಅದನ್ನೂ ಕೇಳಿಸಿಕೊಂಡ, ಪಕ್ಕದ ಮನೆಯವರು ಎಂದದ್ದನ್ನೂ.

ಹೆಸ್ತಿ ಮದುವೆಯಾಗಿ ಸುಮಾತ್ರಾಕ್ಕೆ ಹೋದಳು. ಎಂಟು ಹೆಂಗಸರು ಏನು ನೆನಪಿಟ್ಟುಕೊಂಡಿದ್ದರೋ. ಯಾರೊಬ್ಬರೂ ಕಾಗದ ಏನಾಯಿತೆಂದು ಕೇಳಲಿಲ್ಲ. ನರ್ಸಿನ ಮಾತಿನಂತೆ ಆಸ್ಪತ್ರೆಗೆ ಹೋಗಿ ಬಂದಿರಬೇಕು, ಆದರೂ ಹೀಗಾಯಿತು ಎಂದು ತಿಳಿದರೇನೋ. ಮೊದಲಿನಂತೆಯೇ ಬಂದು ಬೆನ್ನು ಬಿಚ್ಚಿ ಕೂತರು. ದಲಿಮಿನ್ ನೋಡುತ್ತಾನೆಂದು ಹೆಂಗಸರಿಗಾಗಿ ಹಗ್ಗಕ್ಕೆ ಒಂದು ಬಾಟಿಕ್ ಲುಂಗಿ ಇಳಿಬಿಟ್ಟದ್ದೊಂದೇ ಹೊಸದು. ‘ಯಾರ ತಪ್ಪೂ ಇಲ್ಲ ಮಾಕ್, ಹಣೆಬರಹ’ ಎಂದು ಪಾರ್ತಿನಿ ತಾಯಿಯ ತಲೆ ಸವರಿದ್ದಳು. ಹೀಗೆ ಸವರಿಸಿಕೊಳ್ಳುತ್ತ ಏಳು ತಿಂಗಳಾಗಿತ್ತು.

ನಾಲ್ಕನೇ ಗೆರೆಗೆ ಬಿಲ್ಲೆ ಇಟ್ಟವಳು ಎಳೆಯಲಿಲ್ಲ. ಇದೇನು ಮಹಾ, ಕೆರೆದು ಮುಗಿಸಿ ಚಹಾ ಕೊಟ್ಟು ಕಳಿಸು. ನಾಳೆ ಅವನಿಗೆ ಏನಾದರೂ ಆದರೆ ವಯಸ್ಸಾಗಿತ್ತು ಅನ್ನುತ್ತಾರೆ, ಎಂದು ಒಳಗೆ ಯಾರೋ ಬಹಳ ಮೆತ್ತಗೆ ಹೇಳಿದರು. ಆ ದನಿ ಅವಳದ್ದೇ, ಒಲೆಯ ಮುಂದೆ ಕೂತು ಹೇಳಿಕೊಂಡದ್ದೂ ಇದೇ ದನಿಯಲ್ಲಿ. ಆಸ್ಪತ್ರೆಗೆ ಹೋಗೆಂದರೆ ಇವನು ಯಾಕೆಂದು ಕೇಳುತ್ತಾನೆ. ಹೇಗೆ ಗೊತ್ತಾಯಿತೆಂದು ಕೇಳುತ್ತಾನೆ. ಇವನ ಬಾಯಿಗೆ ಬೀಗವಿಲ್ಲ, ಜುಮಾ ಮುಗಿಯುವಷ್ಟರಲ್ಲಿ ಕಾರಂಗ್‌ವುನಿ ಊರಿನ ಕೊನೆಯ ಮನೆಗೂ ಮುಟ್ಟುತ್ತದೆ. ಪಾರ್ತಿನಿಗೆ ಮುಟ್ಟುತ್ತದೆ. ಅದಕ್ಕಿಂತ ಮೊದಲು ಎರಡು ಮೊಳ ದೂರದಲ್ಲಿ ಮಲಗಿರುವವನಿಗೆ. ಅವನಿಗೆ ಎಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಹೋಗಿದೆ ಎಂದು ಡಾಕ್ಟರು ಹೇಳಿದ್ದರು. ತುತ್ತು ಕೊಡುವಾಗ, ಮಲಮೂತ್ರ ತೆಗೆಯುವಾಗ, ಅವನು ಕಾಗದದ ವಿಷಯ ಅರಿಯದೆ ತನ್ನನ್ನು ನಂಬಿ ನೋಡುವ ನೋಟವೊಂದೇ ಅವಳಿಗೆ ಉಳಿದಿದ್ದ ಆಸ್ತಿ. ಅದು ಹೋದರೆ ಈ ಮನೆಯಲ್ಲಿ ಹೇಗೆ ಇರುವುದು? ಸಾರ್ಜುವಿನ ಕುತ್ತಿಗೆಯ ಪಕ್ಕದಲ್ಲಿ ಚರ್ಮ ಹಾರುವುದು ಈಗ ಬರಿಗಣ್ಣಿಗೇ ಕಾಣುತ್ತಿತ್ತು. ಹಾರಿತು, ಹಾರಿತು, ನಿಂತಿತು. ಅವಳಿಗೆ ಹೆದರಿಕೆಯಾಯಿತು.

‘ಜು,’ ಎಂದಳು.

‘ಊಂ.’

‘ಏಳು. ಆಸ್ಪತ್ರೆಗೆ ಹೋಗು.’

ಸಾರ್ಜು ಕೂತಲ್ಲೇ ನಕ್ಕ. ‘ಚಹಾದಂಗಡಿಯವನೇ ಮನೇಲಿ ಕುಡ್ಕೊಂಡು ಬಾ ಅಂದಂಗಾಯ್ತು! ಯಾಕೆ, ಕೈ ಸೋತೋಯ್ತಾ? ಇನ್ನೂ ಮೂರೇ ಗೆರೆ ಆಗಿರೋದು.’

‘ತಮಾಷೆ ಅಲ್ಲ ಕಣೋ. ನಿನ್ನ ನಾಡಿ ಸಮ ಇಲ್ಲ. ಎರಡು ಬಡಿಯತ್ತೆ, ಒಂದು ಬಿಡತ್ತೆ.’

‘ನಿಂಗೆ ನಾಡಿ ನೋಡೋಕೆ ಯಾವಾಗ ಬಂತು?’

ಅವಳು ಮಂಚದ ಕಡೆ ನೋಡಿದಳು. ಇಷ್ಟು ಹೊತ್ತು ತಪ್ಪಿಸಿದ್ದನ್ನು ಈಗ ನೋಡಿಯೇ ಹೇಳಬೇಕೆನಿಸಿತು. ದಲಿಮಿನ್ ಹೊಸದಾಗಿ ಬೋಳಿಸಿದ ಮುಖ ಇತ್ತ ತಿರುಗಿಸಿಕೊಂಡು, ಮಕ್ಕಳು ಕತೆ ಕೇಳುವಾಗ ಇರುತ್ತಾರಲ್ಲ ಹಾಗೆ ಸುಮ್ಮನೆ ಇದ್ದ.

‘ಇವರದ್ದೂ ಹೀಗೇ ಇತ್ತು,’ ಎಂದಳು. ದನಿ ಎಲ್ಲಿಂದಲೋ ಬಂದ ಹಾಗಿತ್ತು. ‘ಇವರಿಗೆ ಹಿಂಗಾಗೋಕೆ ಹತ್ತೊಂಬತ್ತು ದಿನ ಮುಂಚೆ ಆ ನರ್ಸು ನನಗೆ ಹೇಳಿದ್ಲು. ಹೆಪ್ಪುಗಟ್ಟತ್ತೆ, ತಲೆಗೆ ಹೋಗತ್ತೆ ಅಂತ ಬಿಡಿಸಿ ಬಿಡಿಸಿ ಹೇಳಿದ್ಲು. ಕಾಗದ ಬರ್ಕೊಟ್ಲು. ನಾನು ಒಲೆಗೆ ಹಾಕ್ದೆ. ಬರೀ ಬಿಪಿ ಅಂತ ಇವರಿಗೆ ಸುಳ್ಳು ಹೇಳ್ದೆ. ನನ್ನ ಕೈನ ಎಲ್ಲರ ಮುಂದೆ ಆಡ್ಕೊಂಡ್ಲಲ್ಲ ಅನ್ನೋ ಸಿಟ್ಟು ನಂಗೆ. ಅಷ್ಟೇ, ಇನ್ನೇನಿಲ್ಲ. ಆ ಸಿಟ್ಟಿಗೆ.’

ಹೊರಗೆ ತೋಫು ಮಾರುವವನು ಪೀಪಿ ಊದುತ್ತ ಹೋದ. ಸಾರ್ಜು ತಿರುಗಲಿಲ್ಲ. ಅವನ ಬೆನ್ನಿನ ಮೇಲಿನ ಮೂರು ಗೆರೆಗಳನ್ನು ನೋಡುತ್ತ ಅವಳು ಕಾದಳು. ಬೈಯಲಿ. ಎದ್ದು ಕಪಾಳಕ್ಕೆ ಬಿಡಲಿ. ಗೆಳೆಯನಿಗಾಗಿ ಅಷ್ಟಾದರೂ ಮಾಡಲಿ. ಏಳು ತಿಂಗಳಿಂದ ಅವಳು ಕಾಯುತ್ತಿದ್ದದ್ದು ಇದೇ ಇರಬೇಕು ಎಂದು ಆ ಗಳಿಗೆಯಲ್ಲಿ ಅನ್ನಿಸಿತು.

‘ಗೊತ್ತು ಯೂ,’ ಎಂದ ಸಾರ್ಜು.

‘ಏನು ಗೊತ್ತು?’

‘ಕಾಗದದ ವಿಷ್ಯ. ಕಾಂಗ್‌ಗೂ ಗೊತ್ತಿತ್ತು.’ ಅವನು ಚಾಪೆಯ ಎಳೆಯೊಂದನ್ನು ಕೀಳುತ್ತ ನೆಲಕ್ಕೆ ಹೇಳುತ್ತಿದ್ದ. ‘ಆವತ್ತು ನಾವಿಬ್ರೂ ಗಂಜಿ ತಿಂತಾ ಕೂತಿದ್ವಾ, ಆ ಹುಡುಗಿ ಹೋಗೋವಾಗ ನಮ್ಮ ಹತ್ರಾನೂ ಬಂದು ಹೆಪ್ಪಿನ ವಿಷ್ಯ ಹೇಳಿ ಹೋದ್ಲು. ಹೆಂಡ್ತಿ ಕೈಲಿ ಕಾಗದ ಕೊಟ್ಟಿದೀನಿ, ತಪ್ಪಿಸ್ಬೇಡಿ ಅಂತ. ನಾಲ್ಕು ದಿನ ಬಿಟ್ಟು ಕೇಳ್ದೆ, ಯಾವಾಗ ಹೋಗ್ತೀಯ ಕಾಂಗ್ ಅಂತ. ಅವಳು ಹೇಳ್ಲಿ, ಹೋಗ್ತೀನಿ ಅಂದ. ಇನ್ನೊಂದ್ಸಲ ಕೇಳ್ದೆ. ಆಗ ಅಂದ: ಅವಳಾಗೇ ಮಾತು ಎತ್ತಲಿಲ್ಲ, ನಾನು ಕಾಗದ ಎಲ್ಲೇ ಅಂತ ಕೇಳಿದ್ರೆ ನಿನ್ನ ಕೈ ಮೇಲೆ ನಂಬ್ಕೆ ಇಲ್ಲ ಅಂದಂಗಾಗತ್ತೆ ಸಾರ್ಜು, ಹೆಂಗಸರ ಮುಂದೆ ಆಗಿರೋದೇ ಸಾಕು ಅವಳಿಗೆ, ಅಂತ. ನಾಲ್ಕು ಸಲ ಕೆರೆಸ್ಕೊಂಡು ಬಿಟ್ರೆ ಅವಳ ಮನಸ್ಸು ಸರಿ ಹೋಗತ್ತೆ, ಆಮೇಲೆ ನಾನೇ ಮೆಲ್ಲಗೆ ಎತ್ತೀನಿ ಅಂದ.’

‘ನೀನಾದ್ರೂ ನಂಗೆ ಹೇಳ್ಬಹುದಿತ್ತಲ್ಲೋ.’

‘ಗಂಡ ಹೆಂಡ್ತಿ ಮಧ್ಯೆ ನಾನೆಲ್ಲಿ ಬಾಯಿ ಹಾಕ್ಲಿ ಯೂ? ದಾಕ್ಷಿಣ್ಯ ಆಯ್ತು.’ ಚಾಪೆಯ ಎಳೆ ಕಿತ್ತು ಬಿಸಾಕಿ, ‘ಅದಕ್ಕೇ ಶುಕ್ರವಾರ ಶುಕ್ರವಾರ ಬರ್ತೀನಿ’ ಎಂದ.

ಸುಮಿರಾ ಮಂಚದ ಕಡೆ ನೋಡಲಾರದೆ ಬಟ್ಟಲಿನ ಎಣ್ಣೆ ನೋಡಿದಳು. ಹಾಗಾದರೆ ಆ ಸಂಜೆ ಅವನು ಅಂಗಿ ಬಿಚ್ಚಿ ಬಂದದ್ದು ಗಾಳಿ ತೆಗೆಸಿಕೊಳ್ಳಲಿಕ್ಕಲ್ಲ. ತಲೆಗೆ ಹೆಪ್ಪು ಏರಬಹುದೆಂದು ಗೊತ್ತಿದ್ದೂ ಅವಳ ಮರ್ಯಾದೆ ಉಳಿಸಲಿಕ್ಕೆ ಬೆನ್ನು ಕೊಟ್ಟಿದ್ದ, ಒಂದಲ್ಲ ನಾಲ್ಕು ಸಲ. ಚಹಾ ಎದೆಯ ಮೇಲೆ ಹರಿಯುವಾಗ ಅವನು ನೋಡುತ್ತಿದ್ದ ನೋಟವನ್ನು ಅವಳು ಇಷ್ಟು ದಿನ ಗಾಬರಿ ಅಂದುಕೊಂಡಿದ್ದಳು. ತುತ್ತು ಕೊಡುವಾಗಿನ ನೋಟವನ್ನು ನಂಬಿಕೆ ಅಂದುಕೊಂಡು ಅಪ್ಪಿಕೊಂಡು ಬಂದಿದ್ದಳು. ಎರಡೂ ಎಲ್ಲ ಬಲ್ಲವನ ಕರುಣೆ. ಅವಳಿಗೆ ನಾಚಿಕೆಗಿಂತ ಮೊದಲು ಕೋಪ ಬಂತು. ಒಂದು ಮಾತು, ಕಾಗದ ಎಲ್ಲೇ ಎಂಬ ಒಂದೇ ಮಾತು ಕೇಳಬಾರದಿತ್ತೇ? ಲಾರಿ ಡ್ರೈವರುಗಳಿಗೆಲ್ಲ ಅಷ್ಟೊಂದು ಮಾತು ಹಂಚಿದವನು!

‘ಬಿಡು ಯೂ, ಆದದ್ದು ಆಯ್ತು,’ ಎಂದ ಸಾರ್ಜು. ದನಿಯಲ್ಲಿ ಮತ್ತೆ ತಮಾಷೆ ಹಚ್ಚಿಕೊಂಡು, ಬಗ್ಗಿ ಕುತ್ತಿಗೆ ಕೊಟ್ಟ. ‘ಕೆರೆದು ಮುಗಿಸು. ಅರ್ಧ ಬೆನ್ನು ಹೊತ್ಕೊಂಡು ಹೋದ್ರೆ ವಾರ್ಸಿ ನಗ್ತಾಳೆ. ಆಸ್ಪತ್ರೆಗೆ ಸೋಮವಾರ ಹೋದ್ರಾಯ್ತು.’

ಆ ಬಗ್ಗಿದ ಕುತ್ತಿಗೆ ನೋಡಿ ಅವಳು ಬಿಲ್ಲೆಯನ್ನು ಕೆಳಗಿಟ್ಟಳು. ಇವನೂ ಬೆನ್ನು ಕೊಡುತ್ತಿದ್ದಾನೆ. ಇವನಿಗೂ ಗಾಳಿಯ ಮೇಲೆ ನಂಬಿಕೆಯಿಲ್ಲ. ಇವಳು ಇಷ್ಟು ಹೇಳಿಕೊಂಡು ಕುಗ್ಗಿ ಹೋದಳಲ್ಲ, ಪಾಪ, ಈಗ ಎದ್ದು ಹೋದರೆ ಚೆನ್ನಾಗಿರುವುದಿಲ್ಲ ಎಂದು ಕೂತಿದ್ದಾನೆ. ಸೋಮವಾರ ಇವನು ಹೋಗುವುದಿಲ್ಲ. ಇಡೀ ಬೀದಿಯೇ ಹೀಗೆ ಒಬ್ಬೊಬ್ಬರಾಗಿ ಬಂದು, ಅವಳ ಮನಸ್ಸು ನೋಯಬಾರದೆಂದು ನಗುನಗುತ್ತ ಬೆನ್ನು ಕೊಟ್ಟು ಸಾಯುತ್ತದೆ. ಅವಳು ಎದ್ದಳು, ಎಣ್ಣೆಯ ಬಟ್ಟಲು ಕಾಲಿಗೆ ತಾಗಿ ಮಗುಚಿತು. ಬರಿಗಾಲಲ್ಲಿ ಬೀದಿಯ ನಡುವೆ ಹೋಗಿ ನಿಂತು, ಹುಟ್ಟಿದಾಗಿನಿಂದ ಯಾರ ಎದುರೂ ಎತ್ತದ ದನಿಯನ್ನು ಎತ್ತಿದಳು.

‘ಯಾರಾದ್ರೂ ಬನ್ನಿ! ಸಾರ್ಜು ಎದೆ ಕೆಟ್ಟಿದೆ! ಬೈಕ್ ತನ್ನಿ!’

ತೋಫು ಮಾರುವವನು ಗಾಡಿ ನಿಲ್ಲಿಸಿ ಓಡಿ ಬಂದ. ನಮಾಜಿಗೆ ಹೊರಟಿದ್ದ ಗಂಡಸರು ಟೋಪಿ ಸರಿಮಾಡಿಕೊಳ್ಳುತ್ತ ನಿಂತರು. ವಾರ್ಸಿ ಕೈಯಲ್ಲಿ ಕಾಯಿ ತುರಿಯೊಂದಿಗೇ ಬಂದಳು. ‘ಏನಾಯ್ತು ಯೂ? ನೀನೇ ಕೆರೀತಿದ್ಯಲ್ಲ?’

‘ಕೆರೆದ್ರೆ ಹೋಗೋದಲ್ಲ ಇದು! ಕರ್ಕೊಂಡು ಹೋಗೇ, ಈಗ್ಲೇ ಹೋಗು. ಗೊತ್ತಿದ್ದೂ ಕೆರೆದು ಕೆರೆದು ನನ್ನ ಗಂಡನ್ನ ಕೊಂದೆ ನಾನು!’

ಕೊಂದೆ ಎಂದ ಮೇಲೆ ಅವಳಿಗೆ ಕಿಟಕಿಯ ನೆನಪಾಯಿತು. ತಿರುಗಿ ನೋಡಿದಳು. ಸರಳುಗಳ ಹಿಂದೆ ದಲಿಮಿನ್‌ನ ಮುಖ ಬಿಳಿಯಾಗಿ ಇತ್ತ ಕಡೆಗೇ ಇತ್ತು. ಬೀದಿಯಲ್ಲಿ ನಿಂತವರೂ ಆ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಸಾರ್ಜು ಅಂಗಿಯ ಗುಂಡಿ ತಪ್ಪು ತಪ್ಪಾಗಿ ಹಾಕಿಕೊಳ್ಳುತ್ತ ಹೊರಗೆ ಬಂದು ಎಲ್ಲರಿಗೂ ಹಲ್ಲು ಬಿಟ್ಟ. ‘ಏನಿಲ್ಲ, ಏನಿಲ್ಲ. ಯೂ ಇಷ್ಟು ಹೇಳ್ತಿದಾಳೆ, ಹೋಗಿ ತೋರಿಸ್ಕೊಂಡು ಬಂದ್ಬಿಡ್ತೀನಿ’ ಎಂದ. ಅದನ್ನೂ ಅವಳ ಮಾತಿಗೆ ಬೆಲೆ ಕೊಡಲೆಂದೇ ಹೇಳಿದ. ಯಾರದೋ ಬೈಕಿನಲ್ಲಿ ಅವನನ್ನು ನಡುವೆ ಕೂರಿಸಿ, ವಾರ್ಸಿ ಹಿಂದಿನಿಂದ ಅವನ ಹೊಟ್ಟೆ ಬಳಸಿ ಹಿಡಿದು ಕೂತಳು. ಹೊರಡುವ ಮುಂಚೆ ಸುಮಿರಾಳ ಕಡೆ ತಿರುಗಿ, ‘ಗೊತ್ತಿದ್ದೂನಾ?’ ಎಂದಳು.

ಇಳಿಹೊತ್ತಿನ ಅಸರ್ ಬಾಂಗು ಕೂಗುವಾಗ ಪಾರ್ತಿನಿ ತನ್ನ ಮನೆಯಿಂದ ಬಂದಳು. ಮಧ್ಯಾಹ್ನ ಬರಬೇಕಿದ್ದ ಮೂವರಲ್ಲಿ ಒಬ್ಬರೂ ಬೆನ್ನು ತೋರಿಸಲು ಬಂದಿರಲಿಲ್ಲ, ಚೆಲ್ಲಿದ ಎಣ್ಣೆ ಹಾಗೇ ಇತ್ತು. ಪಾರ್ತಿನಿ ಹೊಸ್ತಿಲಿನಾಚೆ ನಿಂತು ಸಾರ್ಜುವನ್ನು ಆಸ್ಪತ್ರೆಯಲ್ಲಿ ಉಳಿಸಿಕೊಂಡಿದ್ದಾರೆಂದು ಹೇಳಿದಳು. ಇಸಿಜಿ ತೆಗೆದರಂತೆ, ಅಪ್ಪನದ್ದೇ ಕಾಯಿಲೆಯಂತೆ, ರಕ್ತ ತೆಳುವಾಗಲು ಮಾತ್ರೆ ಶುರು ಮಾಡಿದ್ದಾರಂತೆ, ಸರಿಯಾದ ಹೊತ್ತಿಗೆ ಬಂದಿರಿ ಎಂದರಂತೆ. ಹೇಳಿ ಮುಗಿಸಿ, ‘ಜನ ಆಡ್ಕೊಳ್ತಿರೋದು ನಿಜಾನಾ ಮಾಕ್?’ ಎಂದು ಕೇಳಿದಳು.

‘ನಿಜ.’

ಪಾರ್ತಿನಿ ಒಳಗೆ ಬಂದಳು. ಬಿಸಿನೀರು ಕಾಯಿಸಿ ಅಪ್ಪನ ಮೈ ಒರೆಸಿ, ಅಂಗಿ ಬದಲಿಸಿ, ತಂದಿದ್ದ ಗಂಜಿಯನ್ನು ತಾನೇ ತಿನ್ನಿಸಿದಳು. ತಾಯಿ ಟವೆಲು ಕೊಡಲು ಹೋದಾಗ ಅದನ್ನು ತೆಗೆದುಕೊಳ್ಳದೆ ತನ್ನ ಸೆರಗಿನಿಂದಲೇ ಅವನ ಬಾಯಿ ಒರೆಸಿದಳು. ನಾಳೆಯಿಂದ ಮೂರು ಹೊತ್ತೂ ತಾನೇ ಬರುತ್ತೇನೆ ಎಂದಳು. ಅಪ್ಪನ ಕೆನ್ನೆ ಮುಟ್ಟಿ ಹೋದಳು.

ಸುಮಿರಾ ಮಂಚದ ಹತ್ತಿರ ನೆಲದ ಮೇಲೆ ಕೂತಳು. ಬಿಸಿಲು ಕಿಟಕಿಯಿಂದ ಬಂದು ದಲಿಮಿನ್‌ನ ಎದೆಯ ಮೇಲೆ ಬಿದ್ದಿತ್ತು. ‘ನಿಮಗೆ ಗೊತ್ತಿತ್ತಂತೆ,’ ಎಂದಳು. ಅವನು ನೋಡಿದ. ‘ಬೈಯಿರಿ ಪಾಕ್ನೆ, ಪಾರ್ತಿನಿ ಅಪ್ಪ. ಬಾಯಿಲ್ದಿದ್ರೆ ಹೋಗ್ಲಿ, ಎಡಗೈ ಇದೆಯಲ್ಲ. ಹೊಡೀರಿ.’ ಅವಳು ಮುಖವನ್ನು ಅವನ ಕೈಗೆ ಎಟುಕುವಂತೆ ಮಂಚದ ಅಂಚಿಗೆ ತಂದು, ಕಣ್ಣು ಮುಚ್ಚಿ ಕಾದಳು.

ಮಂಚ ಕಿರುಗುಟ್ಟಿತು. ಕಣ್ಣು ತೆರೆದಾಗ ಅವನ ಎಡಗೈ ಎದೆಯ ಮೇಲಿಂದ ಆಚೆ ಹೋಗಿ ಕಿಟಕಿಯ ಸರಳು ಹಿಡಿದಿತ್ತು. ಹಲ್ಲು ಕಚ್ಚಿ, ಮೂಗಿನಲ್ಲಿ ಸದ್ದು ಮಾಡುತ್ತ, ಏಳು ತಿಂಗಳಲ್ಲಿ ಒಮ್ಮೆಯೂ ತಾನಾಗಿ ಮಗ್ಗುಲಾಗದವನು ಸತ್ತ ಬಲಭಾಗದ ಮೇಲೆ ತನ್ನನ್ನು ಎಳೆದುಕೊಂಡು ಗೋಡೆಯ ಕಡೆ ತಿರುಗಿದ. ಸರಿ, ಮುಖ ತಿರುಗಿಸಿದ, ಇಷ್ಟಾದರೂ ಮಾಡಿದ ಎಂದು ಅವಳಿಗೆ ಎದೆ ಹಗುರಾಯಿತು. ಆಗ ಅವನು ಸರಳು ಬಿಟ್ಟು ಕೈಯನ್ನು ಹಿಂದಕ್ಕೆ ತಂದು, ತಡಕಿ ತಡಕಿ ಅಂಗಿಯ ಅಂಚು ಹಿಡಿದು ಮೇಲಕ್ಕೆಳೆದ. ಬಿಳುಚಿದ ಬೆನ್ನು ಕಂಡಿತು, ಮಲಗಿ ಮಲಗಿ ಸವೆದ ಬೆನ್ನು. ಅಂಗಿಯನ್ನು ಭುಜದವರೆಗೆ ಎತ್ತಿ ಹಿಡಿದು ಅವನು ಕಾಯುತ್ತಿದ್ದ. ಇಷ್ಟೆಲ್ಲ ಬೀದಿಗೆ ಬಿದ್ದ ಮೇಲೂ, ಅವಳಿಗೆ ನೋವಾಗಿದೆಯೆಂದು, ಕೆರಿ ಎನ್ನುತ್ತಿದ್ದ.

‘ಬೇಡ,’ ಎಂದಳು ಸುಮಿರಾ. ‘ಬಿಡಿ, ಬಿಡಿ ಅಂಗೀನ.’

ಅವನು ಬಿಡಲಿಲ್ಲ. ಅವಳು ಅಳತೊಡಗಿದಳು, ಆಗಲೂ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಎತ್ತಿ ಹಿಡಿದ ಕೈ ಸೋತು ನಡುಗುವುದಕ್ಕೆ ಶುರುವಾಯಿತು, ಅವಳು ಅದನ್ನು ನೋಡುತ್ತ ಕೂತಿದ್ದಳು.